ಸೇತುವೆಗೆ ಸೂರು ಕಟ್ಟಿದ ಸೀಮೆ

ಹೊಳೆಗೆ ಸೇತುವೆ ಕಟ್ಟುವುದು ಎಲ್ಲ ಊರಿನವರೂ ಮಾಡುವ ಕೆಲಸ. ಕಟ್ಟಿದ ಸೇತುವೆಗೆ ಗೋಡೆ ಎಬ್ಬಿಸಿ, ಮೇಲೊಂದು ಸೂರು ಹೊದಿಸಿದವರು ಕಡಿಮೆ. ಅಮೆರಿಕದ ನಡುಭಾಗದಲ್ಲಿರುವ ಅಯೋವಾ ರಾಜ್ಯದ ಮ್ಯಾಡಿಸನ್ ಕೌಂಟಿಯಲ್ಲಿ ಒಂದು ಕಾಲಕ್ಕೆ ಇಂಥ 19 ಮರದ ಸೇತುವೆಗಳಿದ್ದವು. ರಾಜಧಾನಿ ಡಿ ಮೊಯಿನ್‌ನಿಂದ ನೈಋತ್ಯಕ್ಕೆ ಕಾರಿನಲ್ಲಿ ಹೊರಟರೆ ಗಂಟೆಯೊಳಗೆ ಸಿಗುವ ಸೀಮೆ ಇದು. ಉದ್ದನೆಯ ಕೊಟ್ಟಿಗೆಯೊಂದನ್ನು ಹೊಳೆಗೆ ಅಡ್ಡಲಾಗಿ ಇಟ್ಟಂತೆ ಕಾಣುವ ಆ ಸೇತುವೆಗಳಲ್ಲಿ ಈಗ ಉಳಿದಿರುವುದು ಆರು.

ಸೂರು ಚಂದಕ್ಕೆ ಹಾಕಿದ್ದಲ್ಲ. ಅದರ ಹಿಂದೆ ಇದ್ದದ್ದು ಖರ್ಚಿನ ಲೆಕ್ಕಾಚಾರ. ಸೇತುವೆಯ ನೆಲಕ್ಕೆ ಬೇಕಾದ ದಪ್ಪ ತೊಲೆ, ಹಲಗೆಗಳಿಗೆ ಬೆಲೆ ಹೆಚ್ಚು. ಮಳೆ, ಹಿಮ ಕುಡಿದರೆ ಅವು ಬೇಗ ಕೊಳೆಯುತ್ತವೆ. ಪಕ್ಕದ ಗೋಡೆಗೂ ಮೇಲಿನ ಸೂರಿಗೂ ಬೇಕಾಗುವ ತೆಳು ಹಲಗೆ ಅಗ್ಗ. ಹಾಗಾಗಿ ಅಗ್ಗದ್ದನ್ನು ಮಳೆಗೆ ಒಡ್ಡಿ ದುಬಾರಿಯದನ್ನು ಕಾಪಾಡಿದರು. ಹತ್ತಿರದಲ್ಲಿ ಯಾರ ಮನೆಯಿತ್ತೋ ಅವರ ಹೆಸರೇ ಸೇತುವೆಗೂ ಅಂಟಿಕೊಂಡಿತು. ಐಮ್ಸ್, ಕಟ್ಲರ್-ಡೊನಾಹೋ, ರೋಸ್‌ಮನ್, ಹಾಲಿವೆಲ್ ಎಲ್ಲ ಬಂದದ್ದು ಹಾಗೆ. ಉಳಿದವುಗಳಲ್ಲಿ ಹಳೆಯವು 1870ರವು. ಎಲ್ಲಕ್ಕಿಂತ ಉದ್ದದ್ದು 1880ರ ಹಾಲಿವೆಲ್, 122 ಅಡಿ.

1992ರಲ್ಲಿ ರಾಬರ್ಟ್ ಜೇಮ್ಸ್ ವಾಲರ್ ಬರೆದ ‘ದ ಬ್ರಿಜಸ್ ಆಫ್ ಮ್ಯಾಡಿಸನ್ ಕೌಂಟಿ’ ಕಾದಂಬರಿ, 1995ರಲ್ಲಿ ಅದೇ ಹೆಸರಿನಲ್ಲಿ ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿದ ಸಿನಿಮಾ ಈ ಸೇತುವೆಗಳನ್ನು ಜಗತ್ತಿಗೆಲ್ಲ ತೋರಿಸಿದವು. ರೋಸ್‌ಮನ್ ಸೇತುವೆಯ ದಾರಿ ಕೇಳುತ್ತ ಬರುವ ಛಾಯಾಗ್ರಾಹಕ, ದಾರಿ ತೋರಿಸಲು ಜೊತೆಗೆ ಹೋಗುವ ರೈತನ ಹೆಂಡತಿ, ನಾಲ್ಕು ದಿನದ ಪ್ರೀತಿ. ಮೆರಿಲ್ ಸ್ಟ್ರೀಪ್ ಆ ಹೆಂಗಸಿನ ಒಂಟಿತನಕ್ಕೆ ಜೀವ ತುಂಬಿದ ರೀತಿಯನ್ನು ಕಂಡವರು ಮರೆಯಲಾರರು. ಆದರೆ ಸಿನಿಮಾ ನೋಡಿ ಅಲ್ಲಿಗೆ ಹೋದವರಿಗೆ ಒಂದು ತಪ್ಪು ಕಲ್ಪನೆ ಉಂಟಾಗುವುದು ಸಹಜ. ಕಾಲ ಅಲ್ಲಿ ನಿಂತುಬಿಟ್ಟಿದೆ, ಹಳೆಯದೆಲ್ಲ ತನ್ನಷ್ಟಕ್ಕೆ ತಾನೇ ಉಳಿದಿದೆ ಅನ್ನಿಸಿಬಿಡುತ್ತದೆ.

ಸೀಡರ್ ಸೇತುವೆಯ ಕಥೆ ಕೇಳಿದರೆ ಆ ಕಲ್ಪನೆ ಕಳಚಿ ಬೀಳುತ್ತದೆ. 1883ರಲ್ಲಿ ಬೆಂಟನ್ ಜೋನ್ಸ್ ಎಂಬವನು ಕಟ್ಟಿದ ಸೇತುವೆ ಅದು. ಕಾದಂಬರಿಯ ಮುಖಪುಟದಲ್ಲಿ ಕಾಣಿಸಿಕೊಂಡಿದ್ದೂ ಅದೇ. 2002ರಲ್ಲಿ ಯಾರೋ ಬೆಂಕಿ ಹಚ್ಚಿದರು, ಸುಟ್ಟು ಬೂದಿಯಾಯಿತು. ಜೋನ್ಸ್‌ನ ವಿನ್ಯಾಸವನ್ನೇ ಅನುಸರಿಸಿ 2004ರಲ್ಲಿ ಮತ್ತೆ ಕಟ್ಟಿದರು. 2017ರಲ್ಲಿ ಹದಿಹರೆಯದ ಮೂವರು ಸೇರಿ ಮತ್ತೆ ಸುಟ್ಟರು. ಸಿಮೆಂಟಿನದ್ದೊಂದು ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಊರಿನವರು ಹಾಗೆ ಮಾಡಲಿಲ್ಲ. 2019ರಲ್ಲಿ ಮೂರನೆಯ ಸಲ ಅದೇ ಮರದ ಸೇತುವೆ, ಅದೇ ಸೂರು ಎದ್ದುನಿಂತಿತು. ಸಣ್ಣ ಊರಿನ ಸೊಬಗು ಎಂದು ನಾವು ಕರೆಯುವುದರ ಹಿಂದೆ ಇಂಥ ಹಟ ಇರುತ್ತದೆ. ಯಾರೋ ತೆರಿಗೆ ಕಟ್ಟಿರುತ್ತಾರೆ, ಯಾರೋ ಸಂಜೆಯ ಸಭೆಗಳಲ್ಲಿ ಕೂತಿರುತ್ತಾರೆ, ಯಾರೋ ಏಣಿ ಹತ್ತಿ ಬಣ್ಣ ಬಳಿದಿರುತ್ತಾರೆ. ನನಗೆ ಈ ಕೌಂಟಿಯ ಮೇಲೆ ಪ್ರೀತಿ ಹುಟ್ಟಿದ್ದು ಅದರ ನೋಟಕ್ಕಿಂತ ಹೆಚ್ಚಾಗಿ ಈ ದುಡಿಮೆಗಾಗಿ.

ವಿಸ್ತೀರ್ಣ ನೋಡಿದರೆ ಮ್ಯಾಡಿಸನ್ ಕೌಂಟಿ ಸುಮಾರು 560 ಚದರ ಮೈಲಿ, ನಮ್ಮದೊಂದು ದೊಡ್ಡ ತಾಲ್ಲೂಕಿನಷ್ಟು. 2020ರ ಜನಗಣತಿಯಂತೆ ಅಷ್ಟು ನೆಲದಲ್ಲಿ ಇರುವವರು 16,548 ಮಂದಿ. ಅವರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ವಿಂಟರ್‌ಸೆಟ್ ಎಂಬ ಕೇಂದ್ರ ಪಟ್ಟಣದವರು. ಉಳಿದವರು ಅರ್ಲಮ್, ಸೇಂಟ್ ಚಾರ್ಲ್ಸ್, ಟ್ರೂರೋ, ಮ್ಯಾಕ್ಸ್‌ಬರ್ಗ್‌ನಂಥ ಪುಟ್ಟ ಊರುಗಳಲ್ಲಿ ಮತ್ತು ಹೊಲದ ಮನೆಗಳಲ್ಲಿ ಚದುರಿದ್ದಾರೆ. ಅಯೋವಾ ಎಂದರೆ ಕಣ್ಣು ಹಾಯುವವರೆಗೆ ಸಮತಟ್ಟು ಎಂದುಕೊಂಡು ಬಂದವರಿಗೆ ಇಲ್ಲಿ ಅಚ್ಚರಿ ಕಾದಿರುತ್ತದೆ. ಮಿಡಲ್ ರಿವರ್, ನಾರ್ತ್ ರಿವರ್ ಎಂಬ ಹೊಳೆಗಳೂ ಅವುಗಳ ತೊರೆಗಳೂ ಸುಣ್ಣಕಲ್ಲಿನ ನೆಲವನ್ನು ಕೊರೆದು ದಿಣ್ಣೆ, ಕಣಿವೆ ಮಾಡಿಟ್ಟಿವೆ. ಅಷ್ಟೊಂದು ಸೇತುವೆ ಬೇಕಾದದ್ದೂ ಅದಕ್ಕೇ.

ದಿಣ್ಣೆ, ಕಣಿವೆ ಏನೇ ಇರಲಿ, ರಸ್ತೆಗಳು ಮಾತ್ರ ಗೆರೆ ಎಳೆದಂತೆ ನೇರ. 1785ರ ಭೂ ಕಾಯಿದೆಯಂತೆ ನೆಲವನ್ನೆಲ್ಲ ಒಂದೊಂದು ಚದರ ಮೈಲಿಯ ಚೌಕಗಳಾಗಿ ಅಳೆದರು. ಒಂದು ಚೌಕ ಎಂದರೆ 640 ಎಕರೆ. ಅದರ ಕಾಲು ಭಾಗ, 160 ಎಕರೆ, ಒಂದು ಕುಟುಂಬದ ಹೊಲ ಎಂಬ ಅಂದಾಜು. 36 ಚೌಕ ಸೇರಿದರೆ ಒಂದು ಟೌನ್‌ಶಿಪ್. ಅದರಲ್ಲಿ ಹದಿನಾರನೆಯ ಚೌಕ ಶಾಲೆಗೆ ಮೀಸಲು. ಜನ ಬಂದು ನೆಲೆಸುವ ಮೊದಲೇ ಶಾಲೆಯ ಪಾಲನ್ನು ತೆಗೆದಿಟ್ಟ ಈ ಏರ್ಪಾಟು ನನಗೆ ಬಹಳ ಮೆಚ್ಚುಗೆಯಾದದ್ದು. ಚೌಕಗಳ ಅಂಚಿನಲ್ಲೇ ಜಲ್ಲಿ ರಸ್ತೆಗಳು ಹಾದುಹೋಗುತ್ತವೆ. ಅವುಗಳಲ್ಲಿ ಹಲವಕ್ಕೆ ಸಂಖ್ಯೆಯೇ ಹೆಸರು. ಸುತ್ತ ಮೆಕ್ಕೆಜೋಳ ಬಿಟ್ಟರೆ ಏನೂ ಇಲ್ಲದ ಕಡೆ ‘210ನೇ ಬೀದಿ’ ಎಂಬ ಫಲಕ ಕಂಡರೆ ಗಾಬರಿಯಾಗಬೇಕಿಲ್ಲ.

ಆ ನೆಲ ಖಾಲಿ ಬಿದ್ದಿತ್ತು ಎಂದು ಮಾತ್ರ ಯಾರೂ ತಿಳಿಯಬಾರದು. ಅದು ಸಾಕ್ ಮತ್ತು ಮೆಸ್ಕ್ವಾಕಿ ಜನರ ನಾಡು. 1842ರ ಒಪ್ಪಂದದಲ್ಲಿ ಅಯೋವಾದ ತಮ್ಮ ನೆಲವನ್ನು ಬಿಟ್ಟುಕೊಡಬೇಕಾಗಿ ಬಂತು. 1845ರ ಅಕ್ಟೋಬರ್ 11 ಖಾಲಿ ಮಾಡುವ ಗಡುವು. ಮರುವರ್ಷವೇ ಮ್ಯಾಡಿಸನ್ ಕೌಂಟಿ ಹುಟ್ಟಿತು. ಅಮೆರಿಕದ ನಾಲ್ಕನೇ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಹೆಸರು ಅದಕ್ಕೆ. ಮೆಸ್ಕ್ವಾಕಿಗಳಲ್ಲಿ ಕೆಲವರು ಹಟ ಬಿಡದೆ 1857ರಲ್ಲಿ ಟಾಮಾ ಕೌಂಟಿಯಲ್ಲಿ ತಮ್ಮದೇ ನೆಲವನ್ನು ದುಡ್ಡು ಕೊಟ್ಟು ಕೊಂಡರು, ಇಂದಿಗೂ ಅಲ್ಲಿದ್ದಾರೆ. ಚೌಕದ ಹೊಲಗಳ ಚೆಲುವನ್ನು ಹೊಗಳುವಾಗ ಈ ಸಾಲುಗಳನ್ನು ಬಿಟ್ಟು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ವಿಂಟರ್‌ಸೆಟ್‌ನ ನಟ್ಟನಡುವೆ ಒಂದು ಚೌಕ. ಅದರ ಮಧ್ಯದಲ್ಲಿ ಸ್ಥಳೀಯ ಸುಣ್ಣಕಲ್ಲಿನಲ್ಲಿ ಕಟ್ಟಿದ, ಗುಮ್ಮಟ ಹೊತ್ತ ಕೋರ್ಟ್‌ಹೌಸ್. ಹಳೆಯ ಕಟ್ಟಡ 1875ರಲ್ಲಿ ಸುಟ್ಟುಹೋದ ಮೇಲೆ ಎಬ್ಬಿಸಿದ್ದು ಇದು. ಹೆಸರು ಕೋರ್ಟ್ ಎಂದಿದ್ದರೂ ನ್ಯಾಯಾಲಯವಷ್ಟೇ ಅಲ್ಲ. ನಮ್ಮ ತಾಲ್ಲೂಕು ಕಚೇರಿ, ಉಪನೋಂದಣಿ ಕಚೇರಿಯ ಕೆಲಸಗಳಿಗೂ ಜನ ಬರುವುದು ಇಂಥ ಜಾಗಕ್ಕೇ. ವ್ಯತ್ಯಾಸ ಇಷ್ಟೇ, ಆ ಕುರ್ಚಿಗಳಲ್ಲಿ ಕೂತವರಲ್ಲಿ ಮುಖ್ಯರಾದವರು ವರ್ಗವಾಗಿ ಬಂದವರಲ್ಲ. ಕೌಂಟಿಯನ್ನು ನಡೆಸುವ ಮೇಲ್ವಿಚಾರಕ ಮಂಡಳಿಯ ಸದಸ್ಯರು, ಶೆರಿಫ್, ಚುನಾವಣೆ ನಡೆಸುವ ಆಡಿಟರ್, ತೆರಿಗೆ ಕಟ್ಟಿಸಿಕೊಂಡು ವಾಹನ ನೋಂದಾಯಿಸುವ ಟ್ರೆಷರರ್, ಭೂದಾಖಲೆ ಇಡುವ ರೆಕಾರ್ಡರ್, ಸರ್ಕಾರಿ ವಕೀಲರು, ಇವರೆಲ್ಲ ಜನ ಆರಿಸಿದವರು. ಜಲ್ಲಿ ರಸ್ತೆಯಲ್ಲಿ ಗುಂಡಿ ಬಿದ್ದರೆ ಯಾರನ್ನು ಕೇಳಬೇಕೋ ಅವರು ಭಾನುವಾರ ಚರ್ಚಿನಲ್ಲಿ ಪಕ್ಕದ ಬೆಂಚಿನಲ್ಲೇ ಸಿಗುತ್ತಾರೆ.

ಚೌಕದ ನಾಲ್ಕೂ ಬದಿಗೆ ಅಂಗಡಿ ಸಾಲು. ಉತ್ತರ ಬದಿಯಲ್ಲಿ ಸಿನಿಮಾದಲ್ಲಿ ಬಂದುಹೋದ ನಾರ್ತ್‌ಸೈಡ್ ಕೆಫೆ. ಒಂದು ಕಾಲದಲ್ಲಿ ಜೆ. ಸಿ. ಪೆನಿ ಬಟ್ಟೆ ಅಂಗಡಿಯಿದ್ದ ಕಟ್ಟಡದಲ್ಲಿ ಈಗ ಅಯೋವಾ ಕ್ವಿಲ್ಟ್ ಮ್ಯೂಸಿಯಂ ಇದೆ. ಕ್ವಿಲ್ಟ್ ಎಂದರೆ ನಮ್ಮ ಕೌದಿಯ ಅಕ್ಕ. ತುಂಡು ಬಟ್ಟೆ ಜೋಡಿಸಿ, ಪದರದ ಮೇಲೆ ಪದರ ಇಟ್ಟು ಹೊಲಿದದ್ದು. ಹೆಂಗಸರು ಒಟ್ಟಿಗೆ ಕೂತು ಮಾತಾಡುತ್ತ ಹೊಲಿಯುವ ರೂಢಿ ಅಲ್ಲಿಯೂ ಇದೆ. ಮುಚ್ಚಿಹೋಗಿದ್ದ ಹಳೆಯ ಅಯೋವಾ ಥಿಯೇಟರ್ ಕೂಡ ದುರಸ್ತಿ ಕಂಡು ಮತ್ತೆ ಬಾಗಿಲು ತೆರೆದಿದೆ. ದೊಡ್ಡ ಮಾಲ್‌ಗಳು ಬಂದ ಮೇಲೆ ಅಮೆರಿಕದ ನೂರಾರು ಸಣ್ಣ ಊರುಗಳ ಇಂಥ ಚೌಕಗಳು ಹಲಗೆ ಬಡಿಸಿಕೊಂಡು ಪಾಳು ಬಿದ್ದಿವೆ. ಇಲ್ಲಿ ದೀಪ ಉರಿಯುತ್ತಿರುವುದು ಒಂದೊಂದು ಬಾಗಿಲ ಹಿಂದೆಯೂ ಒಬ್ಬೊಬ್ಬರು ನಷ್ಟಕ್ಕೆ ಹೆದರದೆ ನಿಂತದ್ದರಿಂದ. ಪ್ರವಾಸಿಗರು ಮಾತ್ರ ಹೆಚ್ಚಾಗಿ ಹುಡುಕುವುದು ಜಾನ್ ವೇಯ್ನ್ ಹುಟ್ಟಿದ ಮನೆಯನ್ನು. ಕೌಬಾಯ್ ಪಾತ್ರಗಳ ಆ ನಟ 1907ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ.

ನನ್ನ ಮಟ್ಟಿಗೆ ಈ ಸೀಮೆಯ ದೊಡ್ಡ ಹೆಮ್ಮೆ ಬೇರೆ ಇಬ್ಬರದು. ಮೊದಲನೆಯವರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಮಿಸೌರಿಯಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಕ್ಯಾನ್ಸಸ್‌ನ ಕಾಲೇಜೊಂದು ಮೊದಲು ಸೀಟು ಕೊಟ್ಟು, ಬಂದವರು ಕಪ್ಪು ಬಣ್ಣದವರೆಂದು ಕಂಡಮೇಲೆ ಬಾಗಿಲು ಮುಚ್ಚಿತ್ತು. ಅಲೆದಾಡುತ್ತ 1880ರ ದಶಕದ ಕೊನೆಯ ಹೊತ್ತಿಗೆ ವಿಂಟರ್‌ಸೆಟ್‌ಗೆ ಬಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿದರು, ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕಿದರು. ಚರ್ಚಿನಲ್ಲಿ ಅವರು ಹಾಡುವುದನ್ನು ಕೇಳಿದ ಮಿಲ್‌ಹೊಲಂಡ್ ಎಂಬ ವೈದ್ಯರೂ ಅವರ ಹೆಂಡತಿಯೂ ಮನೆಗೆ ಕರೆದರು, ಗೆಳೆಯರಾದರು, ಓದು ಬಿಡಬೇಡ ಎಂದು ಬೆನ್ನು ಹತ್ತಿದರು. 1890ರಲ್ಲಿ ಕಾರ್ವರ್ ಪಕ್ಕದ ಕೌಂಟಿಯ ಇಂಡಿಯಾನೋಲಾದ ಸಿಂಪ್ಸನ್ ಕಾಲೇಜು ಸೇರಿದರು. ಅಲ್ಲಿಂದ ಏಮ್ಸ್‌ನ ಕೃಷಿ ಕಾಲೇಜಿಗೆ. ಅಲ್ಲಿನ ಮೊದಲ ಕಪ್ಪು ವಿದ್ಯಾರ್ಥಿ ಅವರೇ. 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದು ದಕ್ಷಿಣದ ಟಸ್ಕೀಗಿ ಸಂಸ್ಥೆಗೆ ಪಾಠ ಹೇಳಲು ಹೋದರು. ಹತ್ತಿ ಬೆಳೆದು ಸತ್ವ ಕಳೆದುಕೊಂಡ ದಕ್ಷಿಣದ ನೆಲಕ್ಕೆ ಕಡಲೆಕಾಯಿ, ಅಲಸಂದೆಯ ಮೂಲಕ ಮತ್ತೆ ಕಸುವು ತುಂಬುವುದನ್ನು ಬಡ ರೈತರಿಗೆ ಕಲಿಸಿದರು.

ಏಮ್ಸ್‌ನಲ್ಲಿದ್ದಾಗ ಅಲ್ಲಿನ ಪ್ರಾಧ್ಯಾಪಕರೊಬ್ಬರ ಪುಟ್ಟ ಮಗನನ್ನು ಕಾರ್ವರ್ ತಮ್ಮ ಜೊತೆ ಗಿಡ ನೋಡಲು ಕರೆದೊಯ್ಯುತ್ತಿದ್ದರು. ಮ್ಯಾಡಿಸನ್‌ಗೆ ಹೊಂದಿಕೊಂಡ ಅಡೇರ್ ಕೌಂಟಿಯಲ್ಲಿ ಹುಟ್ಟಿದ ಆ ಹುಡುಗ ಹೆನ್ರಿ ವಾಲೇಸ್. ಮುಂದೆ ಹೈಬ್ರಿಡ್ ಮೆಕ್ಕೆಜೋಳದ ಬೀಜದ ಕಂಪನಿ ಕಟ್ಟಿದ್ದು, ಅಮೆರಿಕದ ಕೃಷಿ ಸಚಿವನೂ ಉಪಾಧ್ಯಕ್ಷನೂ ಆದದ್ದು ಇವನೇ. ಆ ಕಂಪನಿಯೇ ಪಯೋನಿಯರ್. ಹಾವೇರಿ, ದಾವಣಗೆರೆಯ ಮೆಕ್ಕೆಜೋಳದ ರೈತರಿಗೆ ಈ ಹೆಸರನ್ನು ಯಾರೂ ಪರಿಚಯಿಸಬೇಕಿಲ್ಲ.

ಇನ್ನೊಬ್ಬರು ಜೆಸ್ಸಿ ಹಯಾಟ್, ಕೌಂಟಿಯ ಪೆರು ಎಂಬ ಹಳ್ಳಿಯ ಹತ್ತಿರ ಸೇಬಿನ ತೋಟ ಮಾಡಿದ್ದ ರೈತ. 1870ರ ದಶಕದಲ್ಲಿ ತೋಟದ ಸಾಲು ತಪ್ಪಿ ಒಂದು ಸಸಿ ತಾನಾಗಿ ಎದ್ದಿತಂತೆ. ಕಡಿದರೆ ಮತ್ತೆ ಚಿಗುರಿತು, ಮತ್ತೆ ಕಡಿದರೆ ಮತ್ತೆ ಚಿಗುರಿತು. ಬದುಕುವ ಛಲ ಇಷ್ಟಿದ್ದರೆ ಬದುಕಿಕೊಳ್ಳಲಿ ಎಂದು ಹಯಾಟ್ ಬಿಟ್ಟುಬಿಟ್ಟರಂತೆ. ಅದು ಬಿಟ್ಟ ಹಣ್ಣಿಗೆ ಅವರು ಹಾಕೈ ಎಂದು ಹೆಸರಿಟ್ಟರು. ಮಿಸೌರಿಯ ಸ್ಟಾರ್ಕ್ ಬ್ರದರ್ಸ್ ನರ್ಸರಿಯವರು 1890ರ ದಶಕದಲ್ಲಿ ಅದರ ಹಕ್ಕು ಕೊಂಡು ‘ಡಿಲಿಷಸ್’ ಎಂದು ಹೆಸರು ಬದಲಿಸಿದರು. ಅದೇ ಇಂದಿನ ರೆಡ್ ಡಿಲಿಷಸ್. 1916ರಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕನ್ನರು, ಮುಂದೆ ಸತ್ಯಾನಂದರಾದವರು, ಅದರ ಸಸಿಗಳನ್ನು ತರಿಸಿ ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ನೆಟ್ಟರು. ಹಿಮಾಚಲದ ಸೇಬಿನ ಬೇಸಾಯ ಬೆಳೆದದ್ದು ಅಲ್ಲಿಂದ. ಬೆಂಗಳೂರಿನ ತಳ್ಳುಗಾಡಿಯಲ್ಲಿ ನಾವು ಕೊಳ್ಳುವ ‘ಶಿಮ್ಲಾ ಆ್ಯಪಲ್’ನಲ್ಲಿ ಎಷ್ಟೋ ಹಣ್ಣುಗಳ ಮೂಲ ಮ್ಯಾಡಿಸನ್ ಕೌಂಟಿಯ ಆ ಸಾಲು ತಪ್ಪಿದ ಮರ. ಮಾರುಕಟ್ಟೆ ಬರಿಯ ಕೆಂಪಿಗೆ, ದಪ್ಪ ಸಿಪ್ಪೆಗೆ ಬೆಲೆ ಕೊಟ್ಟು ತಳಿ ಆರಿಸುತ್ತ ಹೋದದ್ದರಿಂದ ಅಮೆರಿಕದಲ್ಲಿ ಅದರ ರುಚಿ ಸೊರಗಿ ಬೇಡಿಕೆಯೂ ಕುಸಿಯಿತು. ಒಂದು ಒಳ್ಳೆಯ ಹಣ್ಣಿಗೆ ಹೀಗಾದದ್ದು ದುಃಖದ ಸಂಗತಿ.

ಇಂಥ ಹೆಮ್ಮೆಗಳು ಹೊಟ್ಟೆ ತುಂಬಿಸುವುದಿಲ್ಲ. 1900ರಲ್ಲಿ ಈ ಕೌಂಟಿಯಲ್ಲಿ 17,000ಕ್ಕೂ ಹೆಚ್ಚು ಜನರಿದ್ದರು. 1990ರ ಹೊತ್ತಿಗೆ 12,500ರ ಆಸುಪಾಸಿಗೆ ಇಳಿದರು. ಟ್ರ್ಯಾಕ್ಟರು, ಕಟಾವು ಯಂತ್ರ ಬಂದಂತೆ ಹತ್ತು ಮನೆಯವರು ಉಳುತ್ತಿದ್ದ ನೆಲಕ್ಕೆ ಒಂದು ಮನೆ ಸಾಕಾಯಿತು. ಅಯೋವಾದ ಸರಾಸರಿ ಹಿಡುವಳಿ ಈಗ ಸುಮಾರು 350 ಎಕರೆ. ಕರ್ನಾಟಕದ್ದು ಮೂರೂವರೆ ಎಕರೆಯೂ ಇಲ್ಲ. ಹಾಗೆಂದು ಅಲ್ಲಿನ ರೈತ ನಿಶ್ಚಿಂತ ಎಂದುಕೊಳ್ಳಬೇಡಿ. 1970ರ ದಶಕದಲ್ಲಿ ಧಾನ್ಯದ ಬೆಲೆ ಏರಿತು, ಬ್ಯಾಂಕುಗಳು ಕರೆಕರೆದು ಸಾಲ ಕೊಟ್ಟವು, ರೈತರು ಹೊಲ ಕೊಂಡರು. ನಂತರ ಬಡ್ಡಿ ದರ ಗಗನಕ್ಕೇರಿತು, ರಫ್ತು ಬಿತ್ತು. 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಅಯೋವಾದ ಹೊಲ 1986ಕ್ಕೆ 787 ಡಾಲರಿಗೆ ಇಳಿಯಿತು. ನೆಲವನ್ನೇ ಅಡವಿಟ್ಟವರ ಗತಿ ಏನಾಗಿರಬೇಕು? ಅಂಗಳದಲ್ಲೇ ಹರಾಜುಗಳು ನಡೆದವು. ಜೀವ ಕಳೆದುಕೊಂಡವರೂ ಇದ್ದರು. ಸಾಲದ ಸೂತಕವನ್ನು ಕಂಡ ನಮ್ಮ ಹಳ್ಳಿಗಳಿಗೆ ಇದು ತೀರ ಪರಿಚಿತ ಸಂಕಟ.

ಆಮೇಲೆ ಮ್ಯಾಡಿಸನ್ ಚೇತರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಡಿ ಮೊಯಿನ್‌ನ ಸಾಮೀಪ್ಯ. ಅಲ್ಲಿ ವಿಮಾ ಕಂಪನಿಗಳು, ಬ್ಯಾಂಕುಗಳು ಇವೆ. ಇಲ್ಲಿ ಮನೆ ಮಾಡಿ ದಿನವೂ ಓಡಾಡಬಹುದು. ಆ ಅದೃಷ್ಟ ಎಲ್ಲರಿಗಿಲ್ಲ. 2010ರಿಂದ 2020ರ ನಡುವೆ ಅಯೋವಾದ 99 ಕೌಂಟಿಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕೌಂಟಿಗಳ ಜನಸಂಖ್ಯೆ ಕುಗ್ಗಿದೆ. ನೈಋತ್ಯದ ಆಡಮ್ಸ್ ಕೌಂಟಿಯಲ್ಲಿ ಈಗ ಇರುವವರು ನಾಲ್ಕು ಸಾವಿರಕ್ಕೂ ಕಡಿಮೆ. ಜನ ಕಡಿಮೆಯಾದರೆ ಶಾಲೆಗಳು ಒಂದರೊಳಗೊಂದು ವಿಲೀನವಾಗುತ್ತವೆ, ಕಿರಾಣಿ ಅಂಗಡಿ ಮುಚ್ಚುತ್ತದೆ, ಆಸ್ಪತ್ರೆ ಇದ್ದರೂ ಹೆರಿಗೆ ವಿಭಾಗ ಇರುವುದಿಲ್ಲ. ತುಂಬು ಬಸುರಿ ಜನವರಿಯ ಹಿಮದಲ್ಲಿ ಮತ್ತೊಂದು ಕೌಂಟಿಗೆ ಕಾರಿನಲ್ಲಿ ಹೋಗಬೇಕಾದ ಊರುಗಳು ಈ ರಾಜ್ಯದಲ್ಲಿವೆ. ಹಳ್ಳಿಗಾಡಿನಲ್ಲಿ ದಿನವೂ ಓಡುವ ಬಸ್ಸು ಹೆಚ್ಚಾಗಿ ಶಾಲೆಯ ಮಕ್ಕಳಿಗೆ ಮಾತ್ರ. ಕಾರು ಓಡಿಸಲಾಗದ ಮುದುಕರಲ್ಲಿ ಹಲವರು ಮನೆಯಲ್ಲೇ ಉಳಿಯುತ್ತಾರೆ. ಅಯೋವಾದಲ್ಲಿ ಮನುಷ್ಯರು 32 ಲಕ್ಷ, ಹಂದಿಗಳು ಎರಡು ಕೋಟಿಗೂ ಹೆಚ್ಚು. ದೊಡ್ಡ ದೊಡ್ಡ ಹಂದಿ ಸಾಕಣೆ ಶೆಡ್ಡುಗಳ ನಾತ, ಗೊಬ್ಬರದ ನೈಟ್ರೇಟ್ ಹರಿದು ಕೆಡುವ ಹೊಳೆ ನೀರು, ಇವು ಪ್ರವಾಸಿ ಚಿತ್ರಗಳಲ್ಲಿ ಕಾಣದ ನಿಜಗಳು.

2022ರ ಮಾರ್ಚ್ 5, ಶನಿವಾರ ಸಂಜೆ, ಭಾರಿ ಸುಂಟರಗಾಳಿಯೊಂದು ವಿಂಟರ್‌ಸೆಟ್‌ನ ಅಂಚಿನ ಮನೆಗಳನ್ನು ಉಜ್ಜಿಕೊಂಡು ಹೋಯಿತು. ತೀವ್ರತೆಯ ಅಳತೆಯಲ್ಲಿ ಐದಕ್ಕೆ ನಾಲ್ಕು. ಸುಮಾರು 70 ಮೈಲಿ ನೆಲದ ಮೇಲೆಯೇ ಸಾಗಿತು. ಮ್ಯಾಡಿಸನ್ ಕೌಂಟಿಯಲ್ಲಿ ಆರು ಜನ ಸತ್ತರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಆಮೇಲಿನ ದಿನಗಳಲ್ಲಿ ಊರಿನವರು ಮಾಡಿದ ಕೆಲಸಗಳಲ್ಲಿ ಒಂದನ್ನು ಹೇಳಬೇಕು. ಮನೆಗಳ ಚೂರು ತಗಡು, ಮೊಳೆ, ಗಾಜು ಮೈಲಿಗಟ್ಟಲೆ ಹೊಲಗಳಲ್ಲಿ ಚೆಲ್ಲಿತ್ತು. ಬಿತ್ತನೆ ಕಾಲ ಹತ್ತಿರ. ಅವು ಉಳಿದರೆ ಯಂತ್ರದ ಚಕ್ರಕ್ಕೂ ಮೇಯುವ ದನಕ್ಕೂ ಕುತ್ತು. ಸ್ವಯಂಸೇವಕರು ಸಾಲಾಗಿ ಹೊಲಕ್ಕಿಳಿದು ಕೈಯಿಂದಲೇ ಆರಿಸಿದರು. ಇಂಥ ಹೊತ್ತಿಗೆ ಮೊದಲು ಓಡಿಬರುವ ಅಗ್ನಿಶಾಮಕ ದಳದವರೂ ಅಯೋವಾದ ಸಣ್ಣ ಊರುಗಳಲ್ಲಿ ಹೆಚ್ಚಿನಂಶ ಸಂಬಳವಿಲ್ಲದ ಸ್ವಯಂಸೇವಕರೇ. ಬ್ಯಾಂಕಿನ ಗುಮಾಸ್ತ, ಮೆಕ್ಯಾನಿಕ್, ಶಾಲೆಯ ಮೇಷ್ಟ್ರು ಕರೆ ಬಂದ ಕೂಡಲೇ ಕೈಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ.

ದಿನನಿತ್ಯದ ಬದುಕು ಅಷ್ಟು ನಾಟಕೀಯವಲ್ಲ. ಜಲ್ಲಿ ರಸ್ತೆಯಲ್ಲಿ ಎದುರಾದ ಗಾಡಿಯವರು ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ, ಗುರುತಿರಲಿ ಬಿಡಲಿ. ಜುಲೈನಲ್ಲಿ ಕೌಂಟಿ ಜಾತ್ರೆ. ಫೋರ್-ಎಚ್ ಎಂಬ ಮಕ್ಕಳ ಸಂಘದವರು ವರ್ಷವಿಡೀ ಸಾಕಿದ ಕರು, ಕುರಿ, ಹಂದಿ, ಕೋಳಿಗಳನ್ನು ಮೈ ತೊಳೆದು ತಂದು ತೀರ್ಪುಗಾರರ ಮುಂದೆ ನಿಲ್ಲಿಸುತ್ತಾರೆ. ಎಷ್ಟು ಮೇವು ಹಾಕಿದೆ, ಎಷ್ಟು ಖರ್ಚಾಯಿತು ಎಂಬ ಲೆಕ್ಕದ ಪುಸ್ತಕವನ್ನೂ ಇಟ್ಟಿರಬೇಕು. ಮ್ಯಾಕ್ಸ್‌ಬರ್ಗ್‌ನಂಥ ನೂರರ ಆಸುಪಾಸಿನ ಜನರ ಊರಿನಲ್ಲೂ ಬೇಸಿಗೆಯಲ್ಲಿ ಕಬ್ಬಿಣದ ಬಾಣಲೆ ಎಸೆಯುವ ಪಂದ್ಯ ಏರ್ಪಡಿಸಿ ಸುತ್ತಲ ಹತ್ತೂರನ್ನು ಕರೆಯುತ್ತಾರೆ. ಅಕ್ಟೋಬರಿನ ಎರಡನೇ ವಾರಾಂತ್ಯ ಸೇತುವೆ ಹಬ್ಬ. 1970ರಿಂದ ನಡೆದುಬಂದದ್ದು. ಡಿ ಮೊಯಿನ್‌ನಲ್ಲಿ ಕೆಲಸಕ್ಕಿರುವ ಭಾರತೀಯ ಕುಟುಂಬಗಳಿಗೆ, ಅವರಲ್ಲಿರುವ ಕನ್ನಡಿಗರಿಗೆ, ಎಲೆ ಕೆಂಪಾಗುವ ಆ ಕಾಲದಲ್ಲಿ ಇದು ಒಂದು ದಿನದ ಪ್ರವಾಸಕ್ಕೆ ಹೇಳಿ ಮಾಡಿಸಿದ ಜಾಗ.

ಒಬ್ಬರಿಗೊಬ್ಬರು ಗೊತ್ತಿರುವ ಊರಿನಲ್ಲಿ ಕಷ್ಟಕ್ಕೆ ಕೈಗಳು ಬೇಗ ಬರುತ್ತವೆ. ಮಾತೂ ಅಷ್ಟೇ ಬೇಗ ಹಬ್ಬುತ್ತದೆ. ಊರ ಬಾಯಿ ಮುಚ್ಚಿಸಲಾಗದು ಎಂಬುದು ಅಯೋವಾದಲ್ಲೂ ನಿಜ. ಕಾದಂಬರಿಯ ನಾಯಕಿ ತನ್ನ ಪ್ರೀತಿಯನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಸಾಯುವವರೆಗೆ ಬಾಯಿ ಬಿಡದಿದ್ದದ್ದಕ್ಕೆ ಊರಿನ ಕಣ್ಣೂ ಒಂದು ಕಾರಣ. ಹೊಸಬರು ಇಲ್ಲಿ ಹತ್ತು ವರ್ಷ ಇದ್ದರೂ ಅವರ ಮನೆಯನ್ನು ಹಿಂದಿನ ಒಡೆಯರ ಹೆಸರಿನಿಂದಲೇ ಗುರುತಿಸುತ್ತಾರೆ. ನೂರು ವರ್ಷ ಒಂದೇ ಕುಟುಂಬದ ಕೈಲಿರುವ ಹೊಲಕ್ಕೆ ‘ಸೆಂಚುರಿ ಫಾರ್ಮ್’ ಎಂದು ರಾಜ್ಯವೇ ಗೌರವ ಕೊಡುವ ನಾಡಿನಲ್ಲಿ ಹತ್ತು ವರ್ಷ ಏನು ಮಹಾ.

ಆದರೆ ಕೌಂಟಿಯ ಮುಂದಿನ ದಿನಗಳು ಆ ಹೊಸಬರ ಕೈಯಲ್ಲೂ ಇವೆ. ಹೆದ್ದಾರಿಗೆ ಹತ್ತಿರದ ಹೊಲಗಳಲ್ಲಿ ಮನೆಗಳು ಏಳುತ್ತಿವೆ. ಅವರಿಂದ ತೆರಿಗೆ ಬರುತ್ತದೆ, ಶಾಲೆಗೆ ಮಕ್ಕಳು ಬರುತ್ತಾರೆ. ಬೆಳಿಗ್ಗೆ ಡಿ ಮೊಯಿನ್‌ಗೆ ಹೊರಟು ಕತ್ತಲಾದ ಮೇಲೆ ಮರಳುವ ಅವರಲ್ಲಿ ಎಷ್ಟು ಮಂದಿ ಅಗ್ನಿಶಾಮಕ ದಳಕ್ಕೆ ಹೆಸರು ಕೊಟ್ಟು ವಾರದ ಸಂಜೆಗಳಲ್ಲಿ ತರಬೇತಿಗೆ ಬರುತ್ತಾರೆ, ಎಷ್ಟು ಮಂದಿ ಜಾತ್ರೆಯ ದಿನ ಹಂದಿ ತೂಗುವ ತಕ್ಕಡಿಯ ಪಕ್ಕ ನಿಲ್ಲುತ್ತಾರೆ ಎಂಬ ಪ್ರಶ್ನೆ ಈಗ ಅಲ್ಲಿನ ಹಿರಿಯರ ಮುಂದಿದೆ. ಹಳಬರಿಗೆ ವಯಸ್ಸಾಗುತ್ತಿದೆ, ಅವರ ಮಕ್ಕಳಲ್ಲಿ ಬಹಳ ಮಂದಿ ಊರು ಬಿಟ್ಟಾಗಿದೆ.